ಇಡೀ ಪುಟ ಒಂದೇ ಸ್ಕ್ರೀನ್‌ಶಾಟ್‌ನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯವರು, ಪಕ್ಕದ ಮನೆಯವರು, ಊರಿಂದ ಫೋನ್ ಮಾಡುವ ನೆಂಟರು ನನ್ನ ಹತ್ತಿರ ಫೋನಿನ ಬಗ್ಗೆ ಏನಾದರೂ ಕೇಳುತ್ತಲೇ ಇರುತ್ತಾರೆ. ಅದರಲ್ಲಿ ಜಾಸ್ತಿ ಬರುವ ಪ್ರಶ್ನೆ ಇದು: ಪರದೆ ಮೇಲೆ ಕಾಣುವಷ್ಟೇ ಅಲ್ಲದೆ ಕೆಳಗಿನವರೆಗೆ ಇಡೀ ಪುಟ ಒಂದೇ ಚಿತ್ರದಲ್ಲಿ ಬರುವ ಹಾಗೆ ತೆಗೆಯುವುದು ಹೇಗೆ? ಪ್ರತಿ ಸಲ ಹೇಳಿದ್ದನ್ನೇ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಫೋನಿನ ಪ್ರಶ್ನೆ ಯಾವುದೋ ಅದನ್ನು ಹುಡುಕಿ ಓದಿಕೊಳ್ಳಿ. ಉಳಿದದ್ದನ್ನು ನಿಧಾನವಾಗಿ ನೋಡಬಹುದು.

ಉದ್ದನೆಯ ಸ್ಕ್ರೀನ್‌ಶಾಟ್ ಅಂದರೆ ಏನು?

ಸಾಮಾನ್ಯ ಸ್ಕ್ರೀನ್‌ಶಾಟ್‌ನಲ್ಲಿ ಆ ಕ್ಷಣಕ್ಕೆ ಪರದೆಯಲ್ಲಿ ಕಾಣುವುದಷ್ಟೇ ಬರುತ್ತದೆ. ಉದ್ದನೆಯದರಲ್ಲಿ ಬೆರಳಿನಿಂದ ಸರಿಸಿದರೆ ಮಾತ್ರ ಕಾಣುವ ಕೆಳಗಿನ ಭಾಗವೂ ಸೇರಿಕೊಳ್ಳುತ್ತದೆ. ಕೆಲವು ಫೋನುಗಳು ಪುಟವನ್ನು ತಾವೇ ಸರಿಸುತ್ತಾ ಒಂದೊಂದೇ ತುಂಡು ತೆಗೆದು ಹೊಲಿಯುತ್ತವೆ. ಬ್ರೌಸರ್‌ಗಳಿಗೆ ಇಡೀ ಪುಟದ ಲೆಕ್ಕ ಮೊದಲೇ ಗೊತ್ತಿರುವುದರಿಂದ ಅವು ಒಂದೇ ಸಲಕ್ಕೆ ಬಿಡಿಸಿಬಿಡುತ್ತವೆ. ಈ ವ್ಯತ್ಯಾಸ ನೆನಪಿರಲಿ. ಚಿತ್ರ ಕೆಡುವುದು ಯಾಕೆ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ.

ಹತ್ತು ಬಿಡಿ ಸ್ಕ್ರೀನ್‌ಶಾಟ್ ತೆಗೆದರೆ ಸಾಕಲ್ವಾ?

ಕೆಲವು ಸಲ ಸಾಕು. ಆದರೆ ನನಗಾದ ಅನುಭವ ಹೇಳುತ್ತೇನೆ. ಬಾಡಿಗೆ ಮನೆ ಹುಡುಕುವಾಗ ಒಂದು ಜಾಹೀರಾತು ನೋಡಿದ್ದೆ. ಮೇಲೆ ಮನೆಯ ಚಿತ್ರಗಳು, ನಡುವೆ ಬಾಡಿಗೆ, ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಡೆಪಾಸಿಟ್ ವಾಪಸ್ ಕೊಡುವ ಶರತ್ತು. ಆರೇಳು ಶಾಟ್ ತೆಗೆದಿಟ್ಟುಕೊಂಡೆ. ಮನೆ ಬಿಡುವಾಗ ಡೆಪಾಸಿಟ್ ವಿಷಯಕ್ಕೆ ತಕರಾರು ಬಂತು. ಹುಡುಕಿದರೆ ಜಾಹೀರಾತು ಅಷ್ಟರಲ್ಲಿ ಮಾಯವಾಗಿತ್ತು. ನನ್ನ ಶಾಟ್‌ಗಳಲ್ಲಿ ಶರತ್ತಿನ ಸಾಲು ಇತ್ತು, ಆದರೆ ಅದೇ ಶಾಟ್‌ನಲ್ಲಿ ಮನೆಯ ವಿಳಾಸ ಇರಲಿಲ್ಲ. “ಇದು ಬೇರೆ ಮನೆಯದ್ದು” ಅಂದರು ಮನೆ ಮಾಲೀಕರು. ಎರಡೂ ಒಂದೇ ಪುಟದ ತುಂಡುಗಳು ಅಂತ ತೋರಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಆವತ್ತಿನಿಂದ ಮುಖ್ಯವಾದ ಯಾವುದನ್ನೂ ನಾನು ತುಂಡುತುಂಡಾಗಿ ತೆಗೆಯುವುದಿಲ್ಲ. ಪುಟ ಇಡಿಯಾಗಿ ಒಂದೇ ಚಿತ್ರದಲ್ಲಿದ್ದರೆ ಯಾವ ಮಾತು ಯಾವುದಕ್ಕೆ ಸೇರಿದ್ದು ಅಂತ ಅದೇ ಹೇಳುತ್ತದೆ. ಬಿಡಿ ಶಾಟ್‌ಗಳು ಗ್ಯಾಲರಿಯಲ್ಲಿ ಹಿಂದುಮುಂದಾಗುತ್ತವೆ, ನಡುವಿನದ್ದೊಂದು ಡಿಲೀಟ್ ಆಗಿಹೋಗುತ್ತದೆ, ಕಳಿಸುವಾಗ ಒಂದು ಬಿಟ್ಟುಹೋಗುತ್ತದೆ.

ಸ್ಯಾಮ್‌ಸಂಗ್ ಫೋನಿನಲ್ಲಿ ಹೇಗೆ?

ಪವರ್ ಮತ್ತು ವಾಲ್ಯೂಮ್ ಡೌನ್ ಬಟನ್ ಒಟ್ಟಿಗೆ ಒತ್ತಿ ಬಿಡಿ. ಕೆಳಗೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಕೆಳಮುಖದ ಎರಡು ಬಾಣಗಳ ಗುರುತು ಇರುತ್ತದೆ. ಒಂದು ಸಲ ಒತ್ತಿದರೆ ಪುಟ ಸ್ವಲ್ಪ ಕೆಳಗೆ ಸರಿಯುತ್ತದೆ. ಒತ್ತಿಯೇ ಹಿಡಿದರೆ ಸರಿಯುತ್ತಲೇ ಹೋಗುತ್ತದೆ. ಬೇಕಾದ ಕಡೆ ಬೆರಳು ತೆಗೆಯಿರಿ, ಅಷ್ಟೇ. ಈ ಸೌಲಭ್ಯ 2015ರ ನೋಟ್ 5 ಕಾಲದಿಂದಲೂ ಸ್ಯಾಮ್‌ಸಂಗ್‌ನಲ್ಲಿದೆ.

ಆ ಪಟ್ಟಿ ನಾಲ್ಕೈದು ಸೆಕೆಂಡಿಗೇ ಮಾಯವಾಗುತ್ತದೆ, ಹಾಗಾಗಿ ಬೇಗ ಒತ್ತಬೇಕು. ಪಟ್ಟಿಯೇ ಬರುತ್ತಿಲ್ಲವಾ? ಸೆಟ್ಟಿಂಗ್ಸ್‌ಗೆ ಹೋಗಿ ಅಡ್ವಾನ್ಸ್‌ಡ್ ಫೀಚರ್ಸ್ ತೆರೆಯಿರಿ. ಅಲ್ಲಿ ಸ್ಕ್ರೀನ್‌ಶಾಟ್ ವಿಭಾಗದಲ್ಲಿ ಟೂಲ್‌ಬಾರ್ ತೋರಿಸುವ ಆಯ್ಕೆ ಆಫ್ ಆಗಿರುತ್ತದೆ. ಆನ್ ಮಾಡಿ.

ರೆಡ್ಮಿ, ಪೋಕೋ, ಶವೋಮಿಯಲ್ಲಿ?

ಮೂರು ಬೆರಳನ್ನು ಪರದೆ ಮೇಲಿಟ್ಟು ಕೆಳಗೆ ಎಳೆಯಿರಿ. ಮೂಲೆಯಲ್ಲಿ ಸಣ್ಣ ಚಿತ್ರ ಬರುತ್ತದೆ. ಅದರ ಕೆಳಗೆ ‘ಸ್ಕ್ರೋಲ್’ ಅಂತ ಇರುತ್ತದೆ. ಅದನ್ನು ಒತ್ತಿ.

ಇದನ್ನು ನಮ್ಮ ಅಮ್ಮನಿಗೆ ಹೇಳಿಕೊಟ್ಟ ದಿನದ ಉದಾಹರಣೆಯಲ್ಲೇ ವಿವರಿಸುತ್ತೇನೆ. ಸಾಗರದ ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಕ್ರಮವನ್ನು ವಾಟ್ಸಾಪ್‌ನಲ್ಲಿ ಒಂದೊಂದೇ ಸಾಲಾಗಿ ಕಳಿಸಿದ್ದರು. ಮೂವತ್ತಕ್ಕೂ ಜಾಸ್ತಿ ಮೆಸೇಜು. “ಮಿಡಿ ತೊಟ್ಟು ಮುರೀಬೇಡ” ಅನ್ನುವುದು ಮೊದಲನೆಯದು. ಆ ಸಾಲು ಪರದೆಯ ಮೇಲ್ತುದಿಗೆ ಬರುವ ಹಾಗೆ ಇಟ್ಟುಕೊಂಡೆವು. ಅಮ್ಮ ಮೂರು ಬೆರಳು ಎಳೆದರು, ‘ಸ್ಕ್ರೋಲ್’ ಒತ್ತಿದರು. ಪುಟ ತಾನಾಗಿ ಸರಿಯತೊಡಗಿತು. ಅಮ್ಮನಿಗೆ ಗಾಬರಿ, ಬೆರಳು ಇಟ್ಟುಬಿಟ್ಟರು. ಅಲ್ಲಿಗೇ ನಿಂತಿತು. ಬೆರಳು ಮುಟ್ಟಿಸಿದರೆ ನಿಲ್ಲುವುದೇ ಅದರ ಕ್ರಮ. ಎರಡನೇ ಸಲ ಸುಮ್ನೆ ನೋಡುತ್ತಾ ಕೂತರು. ಉಪ್ಪು ಹಾಕುವುದು ದಾಟಿತು, ಸಾಸಿವೆ ಅರೆಯುವುದು ದಾಟಿತು, “ಭರಣಿ ಬಾಯಿಗೆ ಬಟ್ಟೆ ಕಟ್ಟು” ಅನ್ನುವ ಕೊನೆಯ ಸಾಲು ಬಂದಾಗ ಒತ್ತಿದರು. ಇಡೀ ಉಪ್ಪಿನಕಾಯಿ ಒಂದೇ ಚಿತ್ರದಲ್ಲಿ ಬಂತು.

ಇದರಲ್ಲಿ ಕಲಿಯಬೇಕಾದ್ದು ಎರಡು. ಮೊದಲ ಶಾಟ್ ಎಲ್ಲಿಂದ ಶುರುವಾಗುತ್ತದೋ ಚಿತ್ರವೂ ಅಲ್ಲಿಂದಲೇ ಶುರು, ಅದಕ್ಕಿಂತ ಮೇಲಿನದ್ದು ಬರುವುದಿಲ್ಲ. ಮತ್ತೆ, ಪುಟ ಸರಿಯುವಾಗ ಪರದೆ ಮುಟ್ಟಬಾರದು.

ವಿವೋ, ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್, ಮೋಟೊರೋಲಾ?

ಮೊದಲ ನಾಲ್ಕರಲ್ಲೂ ಮೂರು ಬೆರಳು ಎಳೆಯುವುದೇ. ಆಮೇಲೆ ಬರುವ ಸಣ್ಣ ಚಿತ್ರದ ಪಕ್ಕದಲ್ಲೋ ಕೆಳಗೋ ಉದ್ದನೆಯ ಶಾಟ್‌ನ ಆಯ್ಕೆ ಇರುತ್ತದೆ. ಮೋಟೊರೋಲಾದಲ್ಲಿ ಮೂರು ಬೆರಳನ್ನು ಎಳೆಯುವುದಲ್ಲ, ಒತ್ತಿ ಹಿಡಿಯುವುದು. ಹೆಸರು ಒಂದೊಂದು ಕಂಪನಿಗೆ ಒಂದೊಂದು. ಹುಡುಕಬೇಕಾದ್ದು ಕೆಳಮುಖದ ಬಾಣ ಅಥವಾ ‘ಲಾಂಗ್’, ‘ಸ್ಕ್ರೋಲ್’ ಅನ್ನುವ ಪದ.

ಗೂಗಲ್‌ನ ಪಿಕ್ಸೆಲ್ ಫೋನಿನಲ್ಲಿ ಕೆಲವು ಆಪ್‌ಗಳಲ್ಲಿ ಮಾತ್ರ ಬರುತ್ತದೆ, ಯಾಕೆ?

ಗೂಗಲ್ ಈ ಸೌಲಭ್ಯವನ್ನು ಆಂಡ್ರಾಯ್ಡ್‌ಗೇ ಸೇರಿಸಿದ್ದು 2021ರಲ್ಲಿ, ಆಂಡ್ರಾಯ್ಡ್ 12ರಲ್ಲಿ. ಅದಕ್ಕಿಂತ ಮೊದಲು ಕೊಟ್ಟವರೆಲ್ಲ ತಮ್ಮದೇ ದಾರಿ ಮಾಡಿಕೊಂಡವರು. ಪಿಕ್ಸೆಲ್‌ನಲ್ಲಿ ಶಾಟ್ ತೆಗೆದ ಮೇಲೆ ‘ಕ್ಯಾಪ್ಚರ್ ಮೋರ್’ ಬರುತ್ತದೆ. ಒತ್ತಿದರೆ ಪುಟದ ದೊಡ್ಡ ಭಾಗ ಮಬ್ಬಾಗಿ ಕಾಣುತ್ತದೆ. ತುದಿಯ ಗೆರೆಯನ್ನು ಎಳೆದು ಎಲ್ಲಿಂದ ಎಲ್ಲಿಯವರೆಗೆ ಬೇಕೋ ಅಷ್ಟು ಆರಿಸಿಕೊಳ್ಳಬಹುದು. ನನಗೆ ಎಲ್ಲಕ್ಕಿಂತ ಇಷ್ಟವಾದ ವಿಧಾನ ಇದು, ಬೆರಳಿನ ಗಡಿಬಿಡಿಯೇ ಇಲ್ಲ.

ಇಲ್ಲಿ ಫೋನು ಸುಮ್ನೆ ಸರಿಸಿ ಹೊಲಿಯುವುದಿಲ್ಲ. “ನಿನ್ನ ಉಳಿದ ಭಾಗ ಕೊಡು” ಅಂತ ಆಪ್ ಅನ್ನೇ ಕೇಳುತ್ತದೆ. ಆಪ್ ಅದಕ್ಕೆ ಸಿದ್ಧವಿಲ್ಲದಿದ್ದರೆ ಬಟನ್ನೇ ಬರುವುದಿಲ್ಲ. ನಿಮ್ಮ ಫೋನ್ ಹಾಳಾಗಿಲ್ಲ, ಚಿಂತೆ ಬೇಡ.

ಐಫೋನ್‌ನಲ್ಲಿ ಆಗುತ್ತದಾ?

ಸಫಾರಿಯಲ್ಲಿ ಚೆನ್ನಾಗಿ ಆಗುತ್ತದೆ. ಪಕ್ಕದ ಬಟನ್ ಮತ್ತು ವಾಲ್ಯೂಮ್ ಅಪ್ ಒಟ್ಟಿಗೆ ಒತ್ತಿ. ಹೋಮ್ ಬಟನ್ ಇರುವ ಹಳೆಯ ಫೋನಾದರೆ ಪಕ್ಕದ ಬಟನ್ ಜೊತೆ ಹೋಮ್. ಮೂಲೆಯಲ್ಲಿ ಸಣ್ಣ ಚಿತ್ರ ಬಂದರೆ ಅದನ್ನು ತಕ್ಷಣ ಮುಟ್ಟಿ. ಮೇಲೆ ‘ಫುಲ್ ಪೇಜ್’ ಅಂತ ಇರುತ್ತದೆ. ಅದನ್ನು ಆರಿಸಿ ಸೇವ್ ಮಾಡಿ.

2019ರಲ್ಲಿ ಐಓಎಸ್ 13 ಜೊತೆ ಇದು ಬಂದಾಗ ಪಿಡಿಎಫ್ ಆಗಿ ಮಾತ್ರ ಉಳಿಸಬಹುದಿತ್ತು. ಫೋಟೋ ಹುಡುಕಿದವರಿಗೆ ಅದು ಫೈಲ್ಸ್ ಆಪ್‌ನಲ್ಲಿ ಕೂತಿರುತ್ತಿತ್ತು. 2023ರ ಐಓಎಸ್ 17ರಿಂದ ಚಿತ್ರವಾಗಿಯೂ ಫೋಟೋಸ್‌ಗೆ ಸೇರಿಸಬಹುದು. ನೋಟ್ಸ್, ಮೇಲ್‌ನಂಥ ಆಪ್‌ಗಳಲ್ಲೂ ‘ಫುಲ್ ಪೇಜ್’ ಸಿಗುತ್ತದೆ.

ಐಫೋನ್‌ನಲ್ಲಿ ವಾಟ್ಸಾಪ್ ಮಾತುಕತೆ ಉದ್ದಕ್ಕೆ ಬರುತ್ತಿಲ್ಲವಲ್ಲ?

ಬರುವುದಿಲ್ಲ. ಅಲ್ಲಿ ‘ಫುಲ್ ಪೇಜ್’ ಕಾಣಿಸುವುದೇ ಇಲ್ಲ. ದಾರಿ ಎರಡಿವೆ.

ಒಂದು, ಬಿಡಿ ಶಾಟ್ ತೆಗೆದು ಪಿಕ್‌ಸ್ಯೂ ತರಹದ ಹೊಲಿಯುವ ಆಪ್‌ನಲ್ಲಿ ಸೇರಿಸುವುದು. ಪ್ರತಿ ಶಾಟ್‌ನ ಕೊನೆಯ ಎರಡು ಮೂರು ಸಾಲು ಮುಂದಿನದರಲ್ಲೂ ಇರುವ ಹಾಗೆ ತೆಗೆಯಿರಿ. ಆಪ್ ಆ ಸಾಮ್ಯ ನೋಡಿಯೇ ಜೋಡಿಸುವುದು. ಒಂದೂ ಸಾಲು ಹೊಂದದಿದ್ದರೆ ಅದು ತಪ್ಪು ಕಡೆ ಹೊಲಿಯುತ್ತದೆ.

ಇನ್ನೊಂದು, ಚಿತ್ರವನ್ನೇ ಬಿಟ್ಟು ‘ಎಕ್ಸ್‌ಪೋರ್ಟ್ ಚಾಟ್’ ಬಳಸುವುದು. ಇದು ಆಂಡ್ರಾಯ್ಡ್‌ನಲ್ಲೂ ಇದೆ. ಮಾತುಕತೆ ತಾರೀಖು, ಸಮಯದ ಜೊತೆ ಪಠ್ಯವಾಗಿ ಬರುತ್ತದೆ. ವರ್ಷಗಟ್ಟಲೆ ಹಳೆಯ ಮಾತುಕತೆಗೆ ಸ್ಕ್ರೀನ್‌ಶಾಟ್‌ಗಿಂತ ಇದೇ ಸರಿ. ಎರಡು ವರ್ಷದ ಮಾತನ್ನು ಚಿತ್ರವಾಗಿ ಇಟ್ಟುಕೊಂಡರೆ ಓದುವವರು ಯಾರು?

ಕಂಪ್ಯೂಟರ್‌ನಲ್ಲಿ ಎಲ್ಲಕ್ಕಿಂತ ಸುಲಭ ಯಾವುದು?

ಫೈರ್‌ಫಾಕ್ಸ್ ಅಥವಾ ಎಡ್ಜ್. ಎರಡರಲ್ಲೂ ಕಂಟ್ರೋಲ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿದರೆ ಶಾಟ್ ತೆಗೆಯುವ ಪಟ್ಟಿ ಬರುತ್ತದೆ. ಮ್ಯಾಕ್ ಆದರೆ ಕಂಟ್ರೋಲ್ ಬದಲು ಕಮಾಂಡ್. ಫೈರ್‌ಫಾಕ್ಸ್‌ನಲ್ಲಿ ‘ಸೇವ್ ಫುಲ್ ಪೇಜ್’, ಎಡ್ಜ್‌ನಲ್ಲಿ ‘ಕ್ಯಾಪ್ಚರ್ ಫುಲ್ ಪೇಜ್’ ಆರಿಸಿ. ಬೇರೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಲಿನಕ್ಸ್ ಬಳಸುವವರಿಗೂ ಫೈರ್‌ಫಾಕ್ಸ್ ಸಾಕು.

ಕ್ರೋಮ್‌ನಲ್ಲಿ ಆ ಬಟನ್ ಇಲ್ಲವಲ್ಲ?

ಇದೆ, ಆದರೆ ಒಳಕೋಣೆಯಲ್ಲಿ ಇಟ್ಟಿದ್ದಾರೆ. ಡೆವಲಪರ್‌ಗಳ ಜಾಗ ಅಂತ ಹೆದರಬೇಡಿ, ಅಲ್ಲಿ ನೀವು ಏನೂ ಕೆಡಿಸುವುದಿಲ್ಲ.

ಪುಟ ತೆರೆದು ಕಂಟ್ರೋಲ್, ಶಿಫ್ಟ್, ಐ ಒತ್ತಿ. ಪಕ್ಕದಲ್ಲಿ ಕೋಡ್ ತುಂಬಿದ ಕಿಟಕಿ ತೆರೆಯುತ್ತದೆ. ಈಗ ಕಂಟ್ರೋಲ್, ಶಿಫ್ಟ್, ಪಿ ಒತ್ತಿ. ಹುಡುಕುವ ಖಾನೆ ಬರುತ್ತದೆ. ಅಲ್ಲಿ ‘ಸ್ಕ್ರೀನ್‌ಶಾಟ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ನಾಲ್ಕು ಆಯ್ಕೆ ಕಾಣುತ್ತವೆ. ‘ಕ್ಯಾಪ್ಚರ್ ಫುಲ್ ಸೈಜ್ ಸ್ಕ್ರೀನ್‌ಶಾಟ್’ ನಿಮಗೆ ಬೇಕಾದ್ದು. ಚಿತ್ರ ಡೌನ್‌ಲೋಡ್ಸ್‌ಗೆ ಹೋಗಿ ಕೂರುತ್ತದೆ. ಮ್ಯಾಕ್‌ನಲ್ಲಿ ಮೊದಲನೆಯದಕ್ಕೆ ಕಮಾಂಡ್, ಆಪ್ಷನ್, ಐ. ಎರಡನೆಯದಕ್ಕೆ ಕಮಾಂಡ್, ಶಿಫ್ಟ್, ಪಿ.

ಇಲ್ಲೊಂದು ಒಳ್ಳೆಯ ಉಪಾಯವಿದೆ, ಜಾಸ್ತಿ ಜನ ಬಳಸುವುದಿಲ್ಲ. ಲ್ಯಾಪ್‌ಟಾಪ್ ಅಗಲದ ಪುಟವನ್ನು ತೆಗೆದು ಫೋನಿಗೆ ಕಳಿಸಿದರೆ ಅಕ್ಷರ ಇರುವೆಯಷ್ಟು ಕಾಣುತ್ತದೆ. ಅದೇ ಕೋಡ್ ಕಿಟಕಿ ತೆರೆದಿರುವಾಗ ಕಂಟ್ರೋಲ್, ಶಿಫ್ಟ್, ಎಂ ಒತ್ತಿ. ಪುಟ ಫೋನಿನ ಅಗಲಕ್ಕೆ ಕುಗ್ಗುತ್ತದೆ, ಫೋನಿನಲ್ಲಿ ಹೇಗೆ ಕಾಣಬೇಕೋ ಹಾಗೆ ಜೋಡಣೆಯಾಗುತ್ತದೆ. ಈಗ ಶಾಟ್ ತೆಗೆದು ಕಳಿಸಿ. ಓದುವವರು ಹಿಗ್ಗಿಸಿ ಕುಗ್ಗಿಸಿ ಒದ್ದಾಡಬೇಕಿಲ್ಲ.

ಎಕ್ಸ್‌ಟೆನ್ಶನ್ ಹಾಕಿಕೊಳ್ಳಬಹುದಾ?

ಎಕ್ಸ್‌ಟೆನ್ಶನ್ ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ. ಗೋಫುಲ್‌ಪೇಜ್ ತರಹದವು ಇವೆ, ಒಂದೇ ಕ್ಲಿಕ್ ಕೆಲಸ. ಆದರೆ ಎಲ್ಲ ಸೈಟ್‌ನಲ್ಲಿರುವುದನ್ನೂ ಓದುವ ಅನುಮತಿ ಕೇಳುವ ಎಕ್ಸ್‌ಟೆನ್ಶನ್ ಆದರೆ ನಾನು ಹಾಕುವುದಿಲ್ಲ. ಬ್ಯಾಂಕ್ ಪುಟ ತೆರೆಯುವ ಬ್ರೌಸರ್‌ನಲ್ಲಿ ಇನ್ನೊಬ್ಬರ ಕಣ್ಣು ಯಾಕೆ? ಬ್ರೌಸರ್‌ನಲ್ಲೇ ಇರುವುದು ಸಾಕಾಗುವಾಗ ಇದು ಬೇಡ.

ವಿಂಡೋಸ್‌ನ ಸ್ನಿಪ್ಪಿಂಗ್ ಟೂಲ್‌ನಿಂದ, ಮ್ಯಾಕ್‌ನ ಕಮಾಂಡ್ ಶಿಫ್ಟ್ 4ರಿಂದ ಆಗಲ್ವಾ?

ಎರಡೂ ಕಾಣುವ ಭಾಗವನ್ನಷ್ಟೇ ತೆಗೆಯುತ್ತವೆ. ಬ್ರೌಸರ್ ಅಲ್ಲದ ಬೇರೆ ಸಾಫ್ಟ್‌ವೇರ್‌ನ ಉದ್ದ ಪಟ್ಟಿ ಬೇಕಿದ್ದರೆ, ವಿಂಡೋಸ್‌ಗೆ ಶೇರ್‌ಎಕ್ಸ್ ಅನ್ನುವ ಉಚಿತ ತಂತ್ರಾಂಶ ಇದೆ. ಅದರಲ್ಲಿ ಸ್ಕ್ರೋಲಿಂಗ್ ಕ್ಯಾಪ್ಚರ್ ಇದೆ. ಮ್ಯಾಕ್‌ನ ಸಫಾರಿಯಲ್ಲಿ ಫೈಲ್ ಮೆನುವಿನ ‘ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್’ ಇಡೀ ಪುಟವನ್ನು ಉಳಿಸುತ್ತದೆ.

ಚಿತ್ರದಲ್ಲಿ ನಡುನಡುವೆ ಖಾಲಿ ಚೌಕ ಬಂದಿದೆ. ಏನು ತಪ್ಪಾಯಿತು?

ಈಗಿನ ಬಹಳಷ್ಟು ಸೈಟ್‌ಗಳು ಕೆಳಗಿನ ಚಿತ್ರಗಳನ್ನು ನೀವು ಅಲ್ಲಿಗೆ ಹೋಗುವವರೆಗೆ ತರುವುದೇ ಇಲ್ಲ. ಡೇಟಾ ಉಳಿಸುವುದಕ್ಕೆ ಹಾಗೆ ಮಾಡುತ್ತವೆ. ನೀವು ಮೇಲಿನಿಂದಲೇ ಶಾಟ್ ತೆಗೆದಾಗ ಕೆಳಗಿನವು ಇನ್ನೂ ಬಂದಿರುವುದಿಲ್ಲ. ಅದಕ್ಕೆ ಮೊದಲು ನಿಧಾನವಾಗಿ ಕೊನೆಯವರೆಗೆ ಸರಿಸಿ. ಎಲ್ಲ ಚಿತ್ರ ಮೂಡಿದ ಮೇಲೆ ಮತ್ತೆ ಮೇಲೆ ಬಂದು ಶಾಟ್ ತೆಗೆಯಿರಿ. ‘ಇನ್ನಷ್ಟು ಓದಿ’ ಅನ್ನುವ ಮಡಿಕೆಗಳಿದ್ದರೆ ಅವನ್ನೂ ಮೊದಲೇ ಬಿಡಿಸಿ.

ಸೈಟ್‌ನ ತಲೆಪಟ್ಟಿ ಪ್ರತಿ ತುಂಡಿನಲ್ಲೂ ಮತ್ತೆ ಮತ್ತೆ ಬಂದಿದೆ!

ಎಷ್ಟು ಸರಿಸಿದರೂ ಮೇಲೆ ಅಂಟಿಕೊಂಡೇ ಇರುವ ಪಟ್ಟಿ ಅದು. ಸರಿಸಿ ಹೊಲಿಯುವ ವಿಧಾನದಲ್ಲಿ ಪ್ರತಿ ತುಂಡಿಗೂ ಅದು ಸೇರಿಬಿಡುತ್ತದೆ. ಲೇಖನ, ಸುದ್ದಿಯಾದರೆ ರೀಡರ್ ಮೋಡ್‌ಗೆ ಹಾಕಿ ತೆಗೆಯಿರಿ. ಸಫಾರಿ, ಫೈರ್‌ಫಾಕ್ಸ್, ಎಡ್ಜ್ ಮೂರರಲ್ಲೂ ಇದೆ. ವಿಂಡೋಸ್‌ನ ಫೈರ್‌ಫಾಕ್ಸ್ ಮತ್ತು ಎಡ್ಜ್‌ನಲ್ಲಿ ಎಫ್9 ಒತ್ತಿದರೆ ಸಾಕು. ತಲೆಪಟ್ಟಿ, ಜಾಹೀರಾತು ಎಲ್ಲ ಹೋಗಿ ಬರಹ ಮಾತ್ರ ಉಳಿಯುತ್ತದೆ. ಆದರೆ ಪುರಾವೆಗೆ ಅಂತ ಉಳಿಸುವ ಪುಟವನ್ನು ರೀಡರ್ ಮೋಡ್‌ನಲ್ಲಿ ತೆಗೆಯಬೇಡಿ. ಅದು ಇದ್ದ ಹಾಗೇ ಇರಬೇಕು.

ಕಂಪ್ಯೂಟರ್‌ನಲ್ಲಿ ಇಡೀ ಪುಟ ಅಂತ ಆರಿಸಿದರೂ ಒಂದು ಪರದೆಯಷ್ಟೇ ಬರುತ್ತಿದೆ.

ಬಹುಶಃ ಅಲ್ಲಿ ಸರಿಯುತ್ತಿರುವುದು ಪುಟವಲ್ಲ, ಪುಟದ ಒಳಗಿನ ಒಂದು ಡಬ್ಬಿ. ವಾಟ್ಸಾಪ್ ವೆಬ್ ಹೀಗೇ. ಬ್ರೌಸರ್ ಲೆಕ್ಕದಲ್ಲಿ ಪುಟ ಒಂದೇ ಪರದೆಯಷ್ಟು, ಹಾಗಾಗಿ ಅದು ಅಷ್ಟನ್ನೇ ತೆಗೆಯುತ್ತದೆ. ಕಂಟ್ರೋಲ್ ಮತ್ತು ಮೈನಸ್ ಒತ್ತಿ ಪುಟವನ್ನು ಚಿಕ್ಕದು ಮಾಡಿ. ಡಬ್ಬಿಯೊಳಗೆ ಜಾಸ್ತಿ ಸಾಲು ಹಿಡಿಸುತ್ತವೆ. ಆಗಲೂ ಸಾಲದಿದ್ದರೆ ಫೋನಿನಲ್ಲೇ ತೆಗೆಯುವುದು ವಾಸಿ.

ಇನ್ನೊಂದು ಸಂಗತಿ. ಕ್ರೋಮ್‌ನಲ್ಲಿ ಎತ್ತರ 16,384 ಪಿಕ್ಸೆಲ್ (ಚಿತ್ರದ ಚುಕ್ಕಿಗಳು) ದಾಟುವ ಪುಟ ಕೆಳಗೆ ಕೆಡಬಹುದು. ಬಂದದ್ದೇ ಮತ್ತೆ ಬರುತ್ತದೆ, ಇಲ್ಲವೇ ಕತ್ತರಿಸಿದಂತಾಗುತ್ತದೆ. ಅಷ್ಟು ಉದ್ದದ್ದಕ್ಕೆ ಪಿಡಿಎಫ್ ಮಾಡಿ.

ಚಿತ್ರ ಒಳ್ಳೆಯದಾ, ಪಿಡಿಎಫ್ ಒಳ್ಳೆಯದಾ?

ಯಾರಿಗೆ, ಯಾತಕ್ಕೆ ಅನ್ನುವುದರ ಮೇಲೆ ಹೋಗುತ್ತದೆ. ಪುಟ ಕಂಡ ಹಾಗೇ ಬೇಕಿದ್ದರೆ ಚಿತ್ರ. ಮುದ್ರಿಸಬೇಕಿದ್ದರೆ, ಲಿಂಕ್‌ಗಳು ಕೆಲಸ ಮಾಡಬೇಕಿದ್ದರೆ ಪಿಡಿಎಫ್. ಯಾವ ಬ್ರೌಸರ್‌ನಲ್ಲೂ ಪ್ರಿಂಟ್‌ಗೆ ಹೋಗಿ ಪ್ರಿಂಟರ್ ಬದಲು ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿದರೆ ಆಯಿತು.

ಕನ್ನಡದ ಪುಟಗಳಿಗೆ ಒಂದು ತೊಡಕಿದೆ. ಪಿಡಿಎಫ್‌ನಲ್ಲಿ ಕನ್ನಡ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಅದರಿಂದ ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಒತ್ತಕ್ಷರ ಒಂದು ಕಡೆ, ಗುಣಿತ ಒಂದು ಕಡೆ ಚದುರಿ ಬೀಳುವುದುಂಟು. ಹುಡುಕಿದರೆ ಪದ ಸಿಗುವುದಿಲ್ಲ. ನನಗೆ ಇದರಿಂದ ನಿಜಕ್ಕೂ ಬೇಜಾರಾಗುತ್ತದೆ, ಇಂಗ್ಲಿಷ್ ಓದುಗರಿಗೆ ಈ ಕಷ್ಟ ಇಲ್ಲ. ಹಾಗಾಗಿ ಕನ್ನಡದ ಪಠ್ಯ ಮುಂದೆ ಬೇಕಾಗುತ್ತದೆ ಅನ್ನಿಸಿದರೆ ಚಿತ್ರವನ್ನೂ ತೆಗೆದಿಡಿ. ಗೂಗಲ್ ಲೆನ್ಸ್‌ನಲ್ಲಿ ಆ ಚಿತ್ರ ತೆರೆದು ಪಠ್ಯ ಆರಿಸಿಕೊಳ್ಳಬಹುದು. ಅದು ಕನ್ನಡ ಓದುತ್ತದೆ. ಚಿತ್ರ ಸ್ಪಷ್ಟವಾಗಿದ್ದರೆ ತಪ್ಪುಗಳು ಕಡಿಮೆ.

ವಾಟ್ಸಾಪ್‌ನಲ್ಲಿ ಕಳಿಸಿದರೆ ಮಸುಕಾಗಿ ಹೋಗುತ್ತದೆ, ಏನು ಮಾಡೋದು?

ಡಾಕ್ಯುಮೆಂಟ್ ಆಗಿ ಕಳಿಸಿ. ಪಿನ್ನಿನ ಗುರುತು ಒತ್ತಿ, ಗ್ಯಾಲರಿ ಬದಲು ಡಾಕ್ಯುಮೆಂಟ್ ಆರಿಸಿ, ಅಲ್ಲಿಂದ ಚಿತ್ರ ಹುಡುಕಿ. ಆಗ ಇದ್ದ ಹಾಗೇ ಹೋಗುತ್ತದೆ.

ಕಾರಣ ಲೆಕ್ಕದಲ್ಲಿದೆ. 1,080 ಪಿಕ್ಸೆಲ್ ಅಗಲದ ಫೋನಿನಲ್ಲಿ ಹತ್ತು ಪರದೆಯಷ್ಟು ಉದ್ದ ತೆಗೆದರೆ ಎತ್ತರ 24,000ದ ಹತ್ತಿರ ಬರುತ್ತದೆ. ಫೋಟೋ ಆಗಿ ಕಳಿಸುವಾಗ ಆಪ್ ಉದ್ದನೆಯ ಬದಿಯನ್ನು ಕುಗ್ಗಿಸುತ್ತದೆ. ಎತ್ತರ 4,000ಕ್ಕೆ ಇಳಿಯಿತು ಅಂದುಕೊಳ್ಳಿ, ಅಗಲ 180 ಆಗುತ್ತದೆ. ಅಷ್ಟರಲ್ಲಿ ಒಂದು ಸಾಲು ಕನ್ನಡ ಹಿಡಿಸುವುದು ಹೇಗೆ? ಮೊದಲು ಕರಗುವುದೇ ಒತ್ತಕ್ಷರ. ಹೆಚ್‌ಡಿ ಆಯ್ಕೆ ಸ್ವಲ್ಪ ಸಹಾಯ ಮಾಡುತ್ತದೆ, ಆದರೆ ತೀರಾ ಉದ್ದದ ಚಿತ್ರಕ್ಕೆ ಅದೂ ಸಾಲದು.

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದರೆ ನಡುವೆ ಒಂದು ಸಣ್ಣ ಪಟ್ಟಿ ಬರುತ್ತದೆ.

ಇಡೀ ಉದ್ದವನ್ನು ಒಂದೇ ಎ4 ಹಾಳೆಗೆ ಹಿಡಿಸಿದ್ದಾರೆ. ವಿಂಡೋಸ್‌ನ ಪೇಂಟ್‌ನಲ್ಲಿ ಚಿತ್ರ ತೆರೆಯಿರಿ. ಪ್ರಿಂಟ್ ಕೆಳಗಿನ ಪೇಜ್ ಸೆಟಪ್‌ಗೆ ಹೋದರೆ ಎಷ್ಟು ಹಾಳೆಗೆ ಹಂಚಬೇಕು ಅಂತ ಕೇಳುವ ‘ಫಿಟ್ ಟು’ ಇರುತ್ತದೆ. ಅಡ್ಡಕ್ಕೆ 1, ಉದ್ದಕ್ಕೆ 4 ಅಂತ ಕೊಟ್ಟರೆ ನಾಲ್ಕು ಹಾಳೆಯಲ್ಲಿ ಓದುವಂತೆ ಬರುತ್ತದೆ. ಡಾರ್ಕ್ ಮೋಡ್ ಇದ್ದರೆ ಶಾಟ್ ತೆಗೆಯುವ ಮೊದಲೇ ಆಫ್ ಮಾಡಿ. ಇಲ್ಲದಿದ್ದರೆ ಹಾಳೆ ತುಂಬಾ ಕಪ್ಪು ಇಂಕು.

ದೂರು ಕೊಡಲು, ಪುರಾವೆಗೆ ತೆಗೆಯುವಾಗ ಏನು ಗಮನಿಸಬೇಕು?

ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು, ಯಾಕೆಂದರೆ ತಪ್ಪಾದರೆ ಮತ್ತೆ ತೆಗೆಯಲು ಪುಟ ಉಳಿದಿರುವುದಿಲ್ಲ.

ಬ್ರೌಸರ್‌ನ ಇಡೀ ಪುಟದ ಶಾಟ್‌ನಲ್ಲಿ ಮೇಲಿನ ವಿಳಾಸಪಟ್ಟಿ ಬರುವುದಿಲ್ಲ. ಗಡಿಯಾರವೂ ಬರುವುದಿಲ್ಲ. ಐಫೋನ್‌ನ ‘ಫುಲ್ ಪೇಜ್’ ಕೂಡ ಹೀಗೇ. ಅಂದರೆ ಯಾವ ಸೈಟು, ಯಾವ ದಿನ ಅನ್ನುವುದೇ ಚಿತ್ರದಲ್ಲಿ ಇಲ್ಲ. ಅದಕ್ಕೆ ಉದ್ದನೆಯದರ ಜೊತೆ ವಿಳಾಸಪಟ್ಟಿ ಮತ್ತು ಸಮಯ ಕಾಣುವ ಒಂದು ಸಾಮಾನ್ಯ ಶಾಟ್ ತೆಗೆದಿಡಿ. ಕಂಪ್ಯೂಟರ್‌ನಲ್ಲಿ ಇನ್ನೂ ಒಳ್ಳೆಯ ದಾರಿ ಇದೆ. ಕ್ರೋಮ್‌ನಲ್ಲಿ ಪಿಡಿಎಫ್ ಮಾಡುವಾಗ ‘ಹೆಡರ್ಸ್ ಆ್ಯಂಡ್ ಫೂಟರ್ಸ್’ ಆನ್ ಮಾಡಿ. ತಾರೀಖು ಮತ್ತು ಪುಟದ ವಿಳಾಸ ಪ್ರತಿ ಹಾಳೆಯಲ್ಲೂ ಅಚ್ಚಾಗುತ್ತದೆ.

ವಾಟ್ಸಾಪ್ ಮಾತುಕತೆಯಾದರೆ ಮೇಲೆ ಕಾಣುವುದು ನೀವು ಸೇವ್ ಮಾಡಿದ ಹೆಸರು. ಯಾರ ನಂಬರಿಗೆ ಯಾರ ಹೆಸರನ್ನಾದರೂ ಇಡಬಹುದು ಅಲ್ವಾ? ಅದಕ್ಕೆ ಹೆಸರನ್ನು ಒತ್ತಿ, ನಂಬರ್ ಕಾಣುವ ಪುಟವನ್ನೂ ತೆಗೆಯಿರಿ. ತಾರೀಖಿನ ಪಟ್ಟಿ ಕಾಣುವಲ್ಲಿಂದ ಶುರು ಮಾಡಿ.

ಮೂಲ ಮೆಸೇಜನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್ ಇದೆಯಲ್ಲ ಅಂತ ಬಹಳ ಜನ ಅಳಿಸಿಬಿಡುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಎಲೆಕ್ಟ್ರಾನಿಕ್ ದಾಖಲೆಗಳ ಬಗ್ಗೆ ಹೇಳುತ್ತದೆ. ಕೋರ್ಟಿಗೆ ಹೋಗುವಾಗ ಅದರ ಪ್ರಕಾರ ಪ್ರಮಾಣಪತ್ರ ಕೊಡಬೇಕಾಗುತ್ತದೆ. ವಕೀಲರು ಮೂಲ ಫೋನ್ ಎಲ್ಲಿ ಅಂತ ಕೇಳುತ್ತಾರೆ. ಶಾಟ್‌ನ ಮೂಲ ಪ್ರತಿಯ ಮೇಲೆ ಗೆರೆ ಎಳೆಯಬೇಡಿ, ಕತ್ತರಿಸಬೇಡಿ. ಗುರುತು ಹಾಕಬೇಕಿದ್ದರೆ ಇನ್ನೊಂದು ಪ್ರತಿ ಮಾಡಿಕೊಳ್ಳಿ.

ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಂಡಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳಿದರೆ ದುಡ್ಡು ತಡೆಯುವ ಅವಕಾಶ ಅಷ್ಟು ಜಾಸ್ತಿ. ಶಾಟ್‌ಗಳನ್ನು ಅಂದವಾಗಿ ಜೋಡಿಸುತ್ತಾ ಕೂರಬೇಡಿ. ಅದು ಆಮೇಲಿನ ಕೆಲಸ.

ಎಲ್ಲರೂ ನೋಡಬಹುದಾದ ಪುಟವಾದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲೂ ಉಳಿಸಬಹುದು. ‘ಸೇವ್ ಪೇಜ್ ನೌ’ ಖಾನೆಗೆ ವಿಳಾಸ ಹಾಕಿದರೆ ಆ ದಿನದ ಪ್ರತಿ ತಾರೀಖಿನ ಜೊತೆ ಅಲ್ಲಿ ಉಳಿಯುತ್ತದೆ. ಕೆಲವು ಸೈಟ್‌ಗಳು ಸರಿಯಾಗಿ ಉಳಿಯುವುದಿಲ್ಲ, ತೆರೆದು ನೋಡಿಕೊಳ್ಳಿ. ಅದು ನಿಮ್ಮ ಫೋನಿನಲ್ಲಿ ಇಲ್ಲದ್ದರಿಂದ ನೀವೇ ತಿದ್ದಿದ್ದು ಅನ್ನಲು ಬರುವುದಿಲ್ಲ. ನನ್ನ ಬಾಡಿಗೆ ಮನೆಯ ಜಾಹೀರಾತಿಗೆ ಇದನ್ನು ಮಾಡಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಬ್ಯಾಂಕ್ ಆಪ್‌ನಲ್ಲಿ ಕಪ್ಪು ಚಿತ್ರ ಬರುತ್ತದೆ.

ಆಪ್‌ನವರೇ ತಡೆದಿದ್ದಾರೆ. ನಿಮ್ಮ ಫೋನಿನೊಳಗೆ ಸೇರಿಕೊಂಡ ಕಳ್ಳ ಆಪ್ ನಿಮ್ಮ ಖಾತೆಯ ಚಿತ್ರ ತೆಗೆಯಬಾರದು ಅಂತ. ವಾಟ್ಸಾಪ್‌ನಲ್ಲಿ ಒಂದೇ ಸಲ ನೋಡುವ ಫೋಟೋಗಳಿಗೂ, ಆಂಡ್ರಾಯ್ಡ್ ಕ್ರೋಮ್‌ನ ಇನ್‌ಕಾಗ್ನಿಟೋ ಟ್ಯಾಬ್‌ಗೂ ಇದೇ ತಡೆ. ಇದನ್ನು ಮುರಿಯುವ ಆಪ್ ಹುಡುಕಬೇಡಿ. ಖಾತೆಯ ವಿವರ ಬೇಕಿದ್ದರೆ ಸ್ಟೇಟ್‌ಮೆಂಟ್ ಪಿಡಿಎಫ್ ಡೌನ್‌ಲೋಡ್ ಮಾಡಿ. ಅದಕ್ಕೆ ಶಾಟ್‌ಗಿಂತ ಬೆಲೆಯೂ ಜಾಸ್ತಿ.

ಕಳಿಸುವ ಮೊದಲು ಏನನ್ನು ಮುಚ್ಚಬೇಕು?

ಉದ್ದನೆಯ ಶಾಟ್‌ನ ಅಪಾಯವೇ ಇದು. ನಾವು ನೋಡದ ಭಾಗವೂ ಬಂದಿರುತ್ತದೆ. ಮಗನ ಸಿಇಟಿ ಫಲಿತಾಂಶದ ಪುಟ ಕಳಿಸುವ ಖುಷಿಯಲ್ಲಿ ನೋಂದಣಿ ಸಂಖ್ಯೆ, ಹುಟ್ಟಿದ ದಿನ ಎಲ್ಲ ನಲವತ್ತು ಜನರ ಗುಂಪಿಗೆ ಹೋಗುತ್ತದೆ. ಕಳಿಸುವ ಮೊದಲು ಮೇಲಿನಿಂದ ಕೆಳಗಿನವರೆಗೆ ಒಂದು ಸಲ ಓದಿ. ಫೋನ್ ನಂಬರ್, ಆಧಾರ್, ಖಾತೆ ಸಂಖ್ಯೆ, ಓಟಿಪಿ, ಬೇರೆಯವರ ಹೆಸರು, ಎಲ್ಲ ಮುಚ್ಚಿ.

ಮುಚ್ಚುವುದಕ್ಕೆ ಹೈಲೈಟರ್ ಪೆನ್ ಬಳಸಬೇಡಿ. ಹತ್ತು ಸಲ ಉಜ್ಜಿದರೆ ಕಪ್ಪಾಗಿ ಕಾಣುತ್ತದೆ, ಆದರೆ ಬೆಳಕು ಹೆಚ್ಚಿಸಿದರೆ ಅಂಕಿಗಳು ಹಿಂದಿನಿಂದ ಇಣುಕುತ್ತವೆ. ಗಟ್ಟಿ ಬಣ್ಣದ ಚೌಕ ಇಡಿ. ಕತ್ತರಿಸಿದರೆ ಹೋಯಿತು ಅಂದುಕೊಳ್ಳುವುದೂ ಯಾವಾಗಲೂ ಸರಿಯಲ್ಲ. 2023ರಲ್ಲಿ ಪಿಕ್ಸೆಲ್ ಫೋನಿನಲ್ಲಿ ಚಿತ್ರ ತಿದ್ದುವ ಮಾರ್ಕಪ್ ಮತ್ತು ವಿಂಡೋಸ್‌ನ ಸ್ನಿಪ್ಪಿಂಗ್ ಟೂಲ್ ಎರಡರಲ್ಲೂ ಒಂದು ದೋಷ ಸಿಕ್ಕಿತು. ಕತ್ತರಿಸಿದ ಭಾಗ ಫೈಲಿನೊಳಗೇ ಉಳಿದು, ಅದನ್ನು ವಾಪಸ್ ತೆಗೆಯಬಹುದಾಗಿತ್ತು. ಆಮೇಲೆ ಸರಿಪಡಿಸಿದರು. ಅದಕ್ಕಿಂತ ಮೊದಲು ಕಳಿಸಿದ ಚಿತ್ರಗಳು ಮಾತ್ರ ಹೋದಲ್ಲೇ ಇವೆ. ಫೋನಿನ ಅಪ್‌ಡೇಟ್ ಬಂದಾಗ ಮುಂದೂಡಬೇಡಿ.

ಕಣ್ಣು ಕಾಣದವರಿಗೆ ಕಳಿಸುವಾಗ?

ಅವರ ಫೋನು ಪಠ್ಯವನ್ನು ಓದಿ ಹೇಳುತ್ತದೆ. ಚಿತ್ರದೊಳಗಿನ ಸಾಲುಗಳನ್ನು ಹಾಗೆ ಸಲೀಸಾಗಿ ಓದಲಾರದು. ಶಾಟ್ ಜೊತೆ ಲಿಂಕ್ ಹಾಕಿ, ಇಲ್ಲವೇ ಮುಖ್ಯವಾದ ನಾಲ್ಕು ಸಾಲು ಟೈಪ್ ಮಾಡಿ.

ತೆಗೆದದ್ದು ಸರಿಯಾಗಿ ಬಂದಿದೆ ಅಂತ ಗೊತ್ತಾಗುವುದು ಹೇಗೆ?

ಪುಟ ಮುಚ್ಚುವ ಮೊದಲೇ ಗ್ಯಾಲರಿ ತೆರೆಯಿರಿ. ಮೊದಲ ಸಾಲು ಇದೆಯಾ, ಕೊನೆಯ ಸಾಲು ಇದೆಯಾ ನೋಡಿ. ಆಮೇಲೆ ನಡುವಿನ ಹೊಲಿಗೆಗಳು. ಸಾಲು ಎರಡು ಸಲ ಬಂದಿದ್ದರೆ, ಅಕ್ಷರ ಅರ್ಧಕ್ಕೆ ಕತ್ತರಿಸಿದ್ದರೆ, ಅಲ್ಲಿ ಜೋಡಣೆ ತಪ್ಪಿದೆ ಅಂತ ಅರ್ಥ. ತೆರೆದ ಕೂಡಲೇ ಮಸುಕಾಗಿ ಕಂಡರೆ ಗಾಬರಿಯಾಗಬೇಡಿ, ಹಿಗ್ಗಿಸಿ ಒಂದೆರಡು ಸೆಕೆಂಡ್ ಕಾಯಿರಿ. ಉದ್ದನೆಯ ಚಿತ್ರವನ್ನು ಗ್ಯಾಲರಿ ಮೊದಲು ಸಣ್ಣದಾಗಿ ತೋರಿಸಿ ಆಮೇಲೆ ಸ್ಪಷ್ಟ ಮಾಡುತ್ತದೆ. ಅಮ್ಮ ಉಪ್ಪಿನಕಾಯಿಯ ಚಿತ್ರವನ್ನು ಹೀಗೇ ಹಿಗ್ಗಿಸಿ ನೋಡುವಾಗ ಉಪ್ಪಿನ ಅಳತೆಯ ಸಾಲು ಎರಡು ಸಲ ಬಂದದ್ದು ಕಂಡಿತು. ಮಾತುಕತೆ ಇನ್ನೂ ತೆರೆದೇ ಇತ್ತು. ಮತ್ತೆ ಮೂರು ಬೆರಳು ಎಳೆದರು.